ಮೊಳೆ ಹೊಡೆದ ಮಂಚ

ನಮ್ಮ ಮನೆಯಲ್ಲಿ ಅಂಗಡಿಯಿಂದ ತಂದ ಮರದ ಸಾಮಾನು ಒಂದೂ ಇರಲಿಲ್ಲ. ಲಟ್ಟಣಿಗೆ, ಕೂರುವ ಮಣೆ, ಮಜ್ಜಿಗೆ ಕಡೆಯುವ ಕಡಗೋಲು, ಬಟ್ಟೆ ನೇತುಹಾಕುವ ಗೂಟ, ನಾನೂ ಅಕ್ಕನೂ ಓದಲು ಕೂರುತ್ತಿದ್ದ ಮೋಟು ಮೇಜು, ದೇವರ ಮಂಟಪ, ಎಲ್ಲವನ್ನೂ ಅಪ್ಪನೇ ಮಾಡಿದ್ದ. ದೇವರ ಮಂಟಪ ಒಂದನ್ನು ಬಿಟ್ಟು ಉಳಿದ ಎಲ್ಲದರಿಂದಲೂ ನಾವು ಮೂವರು ಹೆಂಗಸರು ಒಂದಲ್ಲ ಒಂದು ದಿನ ಏಟು ತಿಂದಿದ್ದೇವೆ.

ಮೇಜಿನ ಒಂದು ಮೂಲೆ ಮುರಿದಿದ್ದು ನನ್ನ ಮಂಡಿಗೆ ಬಡಿದಾಗ. ಮಣೆಯ ಸೀಳು ಅವ್ವ ತಪ್ಪಿಸಿಕೊಂಡು ಅದು ಬಾಗಿಲ ಚೌಕಟ್ಟಿಗೆ ಬಿದ್ದಾಗ ಆದದ್ದು. ಏಟು ಬಿದ್ದ ಮಾರನೆಯ ದಿನ ಅಪ್ಪ ಸೀಳಿಗೆ ಗೋಂದು ಹಾಕಿ, ಹಗ್ಗ ಬಿಗಿದು, ನೆರಳಲ್ಲಿ ಒಣಗಿಸಿ, ಮರಳುಕಾಗದ ಉಜ್ಜಿ ಮೊದಲಿನಂತೆ ಮಾಡುತ್ತಿದ್ದ. ಮರಕ್ಕೆ ಅಷ್ಟು ಆರೈಕೆ. ನಮ್ಮ ಮಂಡಿಗೆ ಅವ್ವ ಅರಿಶಿನ ಹಚ್ಚುತ್ತಿದ್ದಳು.

ಅಪ್ಪ ಚನ್ನಪಟ್ಟಣದಲ್ಲಿ ಒಬ್ಬ ಸಾಬರ ಗೊಂಬೆ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವನು. ನಮ್ಮದು ಬೇಸಾಯದ ಮನೆಯೇ, ಆದರೆ ಅಪ್ಪನ ಕೈ ನೇಗಿಲಿಗಿಂತ ಉಳಿಗೆ ಚೆನ್ನಾಗಿ ಹೊಂದಿತ್ತು. ತಿರುಗುವ ಮರದ ಮೇಲೆ ಉಳಿ ಇಟ್ಟರೆ ಸಿಪ್ಪೆ ಸುರುಳಿ ಸುರುಳಿಯಾಗಿ ಅವನ ಎದೆಯ ಮೇಲೆ ಬೀಳುತ್ತಿತ್ತು. ಆಮೇಲೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಿದ್ದ. ತಿರುಗಿದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿದುಕೊಳ್ಳುತ್ತಿತ್ತು. ಕೊನೆಗೆ ತಾಳೆಗರಿಯಿಂದ ಉಜ್ಜಿದರೆ ಮುಖ ಕಾಣುವಷ್ಟು ಹೊಳಪು. ತಾನು ಕಡೆದ ಪ್ರತಿಯೊಂದು ಸಾಮಾನಿನ ಮೇಲೂ ಅವನು ಮೂರು ಬಳೆಗಳಂತೆ ಮೂರು ಉಬ್ಬು ಗೆರೆ ಬಿಡುತ್ತಿದ್ದ. ಅದು ಅವನ ರುಜು. ಮನೆಗೆ ಬಂದವರು ಏನನ್ನಾದರೂ ಕೈಗೆತ್ತಿಕೊಂಡು ನೋಡಿದರೆ ಸಾಕು, "ಇದು ನಾನೇ ಮಾಡಿದ್ದು ಕಣ್ರೀ" ಎಂದು ಎದೆ ಸೆಟೆಸಿಕೊಂಡು ಮುಂದೆ ಬರುತ್ತಿದ್ದ. ಆ ಮಾತು ಕೇಳಿ ಕೇಳಿ ನನಗೂ ಅಕ್ಕನಿಗೂ ನಗು. ಅನ್ನ ಸೀದರೆ, ಬೆಕ್ಕು ಮರಿ ಹಾಕಿದರೆ, ಇಬ್ಬರೂ ಒಟ್ಟಿಗೆ "ಇದು ನಾನೇ ಮಾಡಿದ್ದು ಕಣ್ರೀ" ಎಂದು ಪಿಸುಗುಟ್ಟಿ ನಗುತ್ತಿದ್ದೆವು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಚೀನಾದ ಪ್ಲಾಸ್ಟಿಕ್ ಗೊಂಬೆ ಬಂದು ಸಾಬರ ಕಾರ್ಖಾನೆ ವಾರಕ್ಕೆ ಎರಡು ದಿನಕ್ಕೆ ಇಳಿಯಿತು. ಅದೇ ಹೊತ್ತಿಗೆ ಬಿಡದಿ ಕಡೆ ದೊಡ್ಡ ದೊಡ್ಡ ಕಾರ್ಖಾನೆಗಳು ಒಂದರ ಹಿಂದೆ ಒಂದು ಎದ್ದವು. ಅಲ್ಲಿಗೆ ಬರುವ ಯಂತ್ರಗಳ ಜೊತೆ ಬಿಳೀ ಮರದ ಪೆಟ್ಟಿಗೆಗಳೂ ಬರುತ್ತಿದ್ದವು. ಯಂತ್ರ ಒಳಗೆ, ಪೆಟ್ಟಿಗೆ ಹೊರಗೆ. ಅದನ್ನು ಬಿಡಿಸಿ ಹಲಗೆ ಮಾರುವವರು ರಸ್ತೆ ಬದಿಯಲ್ಲೇ ರಾಶಿ ಹಾಕಿಕೊಂಡರು. ನಾವು ಅದನ್ನು ಕಂಪನಿ ಹಲಗೆ ಎನ್ನುತ್ತಿದ್ದೆವು. ಅಪ್ಪ ಮರ ತಿರುಗಿಸಿ ಕಡೆಯುವ ಒಂದು ಹಳೆಯ ಲೇತನ್ನು ಹಿತ್ತಿಲ ಸೂರಿನಡಿ ನಿಲ್ಲಿಸಿಕೊಂಡು ಆ ಹಲಗೆಯಲ್ಲಿ ಮನೆಗೆ ಬೇಕಾದ್ದು ಬೇಡದ್ದು ಎಲ್ಲ ಮಾಡತೊಡಗಿದ. ಕೆಲಸವಿಲ್ಲದ ದಿನಗಳು ಹೆಚ್ಚಾದಂತೆ ಸಾಮಾನೂ ಹೆಚ್ಚಾಯಿತು, ಏಟೂ ಹೆಚ್ಚಾಯಿತು.

ಅವ್ವನದು ಬೇರೆ ಕಸುಬು. ರಾಮನಗರದ ರೇಷ್ಮೆ ಬಿಚ್ಚುವವರಿಂದ ನೂಲಿಗೆ ಬಾರದ ತೂತು ಗೂಡು ತಂದು, ಕತ್ತರಿಯಲ್ಲಿ ಎಸಳು ಎಸಳಾಗಿ ಕತ್ತರಿಸಿ, ಬಣ್ಣದಲ್ಲಿ ಅದ್ದಿ ಹೂವಿನ ಹಾರ ಮಾಡುತ್ತಿದ್ದಳು. ಕೆಲವು ಗೂಡಿನೊಳಗೆ ಸತ್ತ ಹುಳು ಉಳಿದಿರುತ್ತಿತ್ತು. ಕತ್ತರಿಸಿದಾಗ ಕಂದು ಬಣ್ಣದ ಒಣಕಲು ಹುಳು ಮಡಿಲಿಗೆ ಬೀಳುತ್ತಿತ್ತು. ಅವ್ವ ಅದನ್ನು ಕೊಡವಿ ಮುಂದಿನ ಗೂಡು ತೆಗೆದುಕೊಳ್ಳುತ್ತಿದ್ದಳು. ಅಪ್ಪ ಹೊಡೆದ ದಿನ ಅವ್ವ ಮಾತಾಡದೆ ಕೂತು ಹೆಚ್ಚು ಹೂವು ಮಾಡುತ್ತಿದ್ದಳು. ನಮ್ಮ ಮನೆಯ ಬಾಗಿಲಿಗೆ ಯಾವ ತೋರಣ ಯಾವಾಗ ಬಂತು ಎಂದು ನನಗೆ ಈಗಲೂ ಹೇಳಲು ಬರುತ್ತದೆ.

ಅಕ್ಕನಿಗೆ ಮಾಗಡಿ ಕಡೆಯ ಗಂಡು ಗೊತ್ತಾಯಿತು. ಬಿಡದಿಯಲ್ಲಿ ಕಾರಿನ ಸೀಟು ಹೊಲಿಯುವ ಕಂಪನಿಯಲ್ಲಿ ಕೆಲಸ, ಕಂಪನಿ ಬಸ್ಸು ಊರ ಬಾಗಿಲಿಗೇ ಬರುತ್ತದೆ. ಅಪ್ಪ ಅಂದೇ ಹೇಳಿದ, "ಮಂಚ ಮಾತ್ರ ಅಂಗ್ಡೀದ್ ಕೊಡಕಿಲ್ಲ. ನಾನೇ ಮಾಡ್ತೀನಿ."

ನಮ್ಮ ಕಡೆ ಮದುವೆಯ ಮಂಚ ಅಂದರೆ ಬರೀ ಮಂಚವಲ್ಲ. ಹುಡುಗಿಯ ಹಿಂದೆ ಹೋಗುವ ಸಾಮಾನಿನಲ್ಲಿ ಅದೇ ಮೊದಲು ಹೊಸಿಲು ದಾಟಬೇಕು. ಹೋದ ಮೇಲೆ ತಿರುಗಿ ಬರಬಾರದು. ಹುಡುಗಿ ತವರಿಗೆ ಬಂದು ಆರು ತಿಂಗಳು ಕೂತರೂ ಹಬ್ಬಕ್ಕೆ ಬಂದಳು, ಬಾಣಂತನಕ್ಕೆ ಬಂದಳು ಎಂದು ಏನಾದರೂ ಹೇಳಿ ಮುಖ ಉಳಿಸಿಕೊಳ್ಳಬಹುದು. ಮಂಚ ಬಂದರೆ ಮುಗಿಯಿತು. "ಅವರ ಮನೆಗೆ ಮಂಚ ವಾಪಸ್ ಬಂತಂತೆ" ಎಂದರೆ ಮದುವೆ ಮುರಿಯಿತು ಎಂದೇ ಅರ್ಥ. ಬೇರೆ ಏನನ್ನೂ ಯಾರೂ ಕೇಳುವುದಿಲ್ಲ.

ಅಪ್ಪ ಎರಡು ತಿಂಗಳು ಆ ಮಂಚ ಮಾಡಿದ. ಕಾಲುಗಳಿಗೆ ನಮ್ಮ ಹೊಲದ ಹಲಸು. ಚೌಕಟ್ಟಿಗೂ ಹಲಗೆಗೂ ಕಂಪನಿ ಮರ. ಒಂದು ಹಲಗೆಯ ಮೇಲೆ ಕಪ್ಪು ಬಣ್ಣದಲ್ಲಿ ಉದ್ದ ಕಾಲಿನ ಒಂದು ಲೋಟದ ಚಿತ್ರ ಇತ್ತು. ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

"ಇದೇನಮ್ಮಿ, ಎಂಡದ್ ಲೋಟ ಬರ್ದವ್ರೆ? ಥೂ, ಮದ್ವೆ ಮಂಚಕ್ಕೆ ಇದು ಕಾಣಬಾರ್ದು. ಈ ಮಗ್ಗುಲ್ನ ಕೆಳೀಕ್ ಆಕ್ತೀನಿ."

ನನಗೂ ಅದು ಹೆಂಡದ ಲೋಟ ಎಂದೇ ಅನಿಸಿತು. ಆಗ ಪಿಯುಸಿ ಮುಗಿಸಿ ಮನೆಯಲ್ಲಿದ್ದೆ, ಬುದ್ಧಿವಂತೆ ಎಂಬ ಜಂಬ ಬೇರೆ. ಎಷ್ಟೋ ವರ್ಷದ ಮೇಲೆ ನಾನೇ ಒಂದು ಕಂಪನಿಯ ಪ್ಯಾಕಿಂಗ್ ವಿಭಾಗಕ್ಕೆ ಸೇರಿದಾಗ ಮೇಸ್ತ್ರಿ ಹೇಳಿದ, ಆ ಲೋಟ ಇದ್ದರೆ ಒಳಗಿರುವುದು ಒಡೆಯುವ ವಸ್ತು, ಜೋಪಾನವಾಗಿ ಎತ್ತಿ ಇಳಿಸಬೇಕು ಎಂದು. ನಾನು ಅವತ್ತು ಊಟ ಮಾಡಲಿಲ್ಲ.

ಆ ಮಂಚಕ್ಕೆ ಒಂದು ಮೊಳೆಯನ್ನೂ ಅಪ್ಪ ಹೊಡೆಯಲಿಲ್ಲ. ಚೌಕಟ್ಟಿನ ಮೂಲೆಗಳು ಒಂದರೊಳಗೊಂದು ಕೂರುತ್ತಿದ್ದವು. ಕಾಲಿನ ತಲೆ ಕೆಳಗಿಂದ ತೂತಿಗೆ ಸೇರುತ್ತಿತ್ತು. ಎಲ್ಲ ಕಡೆಯೂ ಪಕ್ಕದಿಂದ ಒಂದೊಂದು ಮರದ ಬೆಣೆ. ಬೆಣೆ ಬಿಗಿದರೆ ನಾಲ್ಕು ಜನ ಕುಣಿದರೂ ಅಲ್ಲಾಡದು. ಬೆಣೆಗೆ ಎದುರಿನಿಂದ ಒಂದು ತಟ್ಟು ತಟ್ಟಿದರೆ ಕಾಲು ಕಳಚಿ ಕೈಗೆ ಬರುತ್ತಿತ್ತು. ಇಕ್ಕಟ್ಟಿನ ಮನೆಗಳಲ್ಲಿ ಮಂಚವನ್ನು ಬಿಡಿಬಿಡಿಯಾಗಿ ಒಳಗೆ ಒಯ್ದು ಜೋಡಿಸಬೇಕು ಎಂದು ಈ ಉಪಾಯ. ಕಾಲುಗಳಿಗೆ ಕುಂಕುಮದ ಕೆಂಪು ಅರಗು, ಮಧ್ಯದಲ್ಲಿ ಹಳದಿಯ ಮೂರು ಬಳೆ. ಅವ್ವ ತಲೆಹಲಗೆಗೆ ಗೂಡಿನ ಹೂವಿನ ಹಾರ ಕಟ್ಟಿದಳು. ಅಷ್ಟು ಚೆಂದದ ವಸ್ತುವನ್ನು ಅಪ್ಪ ಅದಕ್ಕೆ ಮೊದಲೂ ಮಾಡಿರಲಿಲ್ಲ, ಆಮೇಲೂ ಮಾಡಲಿಲ್ಲ. ಇದನ್ನು ಹೇಳಲೇಬೇಕು.

ಮದುವೆಯಾದ ಮೂರನೆಯ ದಿನ ಮಂಚ ಜೋಡಿಸಲು ಅಪ್ಪನ ಜೊತೆ ನಾನೂ ಹೋಗಿದ್ದೆ. ಅವರ ಮನೆಯ ಅಂಗಳದಲ್ಲಿ ನಿಂತರೆ ಸಾವನದುರ್ಗ ಎದುರಿಗೇ ಕಾಣುತ್ತದೆ. ಮನೆ ಮಾತ್ರ ಉದ್ದಕ್ಕೆ ಕೊರೆದ ಹಾಗೆ ಇಕ್ಕಟ್ಟು. ಕೋಣೆಯ ಬಾಗಿಲು ದಾಟಿದರೆ ಎರಡು ಮೊಳಕ್ಕೆ ಎದುರು ಗೋಡೆ. ಅಪ್ಪ ಜೋಡಿಸಿ ಮುಗಿಸಿ ಕೈ ತೊಳೆಯಲು ಹೋದ. ಭಾವ ಮಂಚವನ್ನು ಸುತ್ತಿ ಬಂದು ಕೇಳಿದ, "ಮೊಳೆ ಇಲ್ದೆ ಎಂಗ್ ನಿಂತದೆ ಇದು?"

ನಾನು ನೆಗೆದು ಮುಂದೆ ಬಂದೆ. "ನೋಡಿ ಭಾವ, ಇಂಗೆ ಮೂಲೆ ಒಸಿ ಎತ್ತಬೇಕು, ಇಲ್ಲಿ ತಟ್ಟಬೇಕು." ಅಂಗೈಯಲ್ಲೇ ತಟ್ಟಿದೆ. ಬೆಣೆ ಹಾರಿತು. ಕಾಲು ಕಳಚಿಕೊಂಡಿತು. ಅದನ್ನು ಎತ್ತಿ ಭಾವನ ಕೈಗೆ ಕೊಟ್ಟೆ. ಅವನು ಕೈಯಲ್ಲಿ ತೂಗಿ ನೋಡಿದ. "ಬಲೇ ಭಾರ ಐತೆ" ಎಂದ. ಅಕ್ಕ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ನಾನು ಅಪ್ಪನ ದನಿಯಲ್ಲಿ "ಇದು ನಾನೇ ಮಾಡಿದ್ದು ಕಣ್ರೀ" ಎಂದೆ. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ಅಕ್ಕ ಗೌರಿ ಹಬ್ಬಕ್ಕೆ ಬಂದಳು. ಅವ್ವ ತಲೆಗೆ ಎಣ್ಣೆ ಹಚ್ಚಲು ಕೂರಿಸಿಕೊಂಡಾಗ ರವಿಕೆ ಸರಿದು ಎಡ ಬೆನ್ನಿನ ಮೇಲ್ಭಾಗ ಕಂಡಿತು. ಅಲ್ಲಿ ಚರ್ಮ ಒಡೆದು ಮಾಗಿದ ಮೂರು ಗೆರೆಗಳಿದ್ದವು. ಒಂದರ ಪಕ್ಕ ಒಂದು, ಒಂದೇ ಅಳತೆಯ ಸಂದು ಬಿಟ್ಟು.

"ಬಚ್ಚಲಲ್ಲಿ ಜಾರ್ ಬಿದ್ದೆ" ಎಂದಳು ಅಕ್ಕ.

ಅವ್ವ ಎಣ್ಣೆಯ ಬೆರಳನ್ನು ಆ ಮೂರು ಗೆರೆಗಳ ಮೇಲೆ ಒಂದೊಂದಾಗಿ ಎಳೆದಳು. ಯಾವ ಬಚ್ಚಲಿಗೂ ಮೂರು ಬಳೆ ಇರುವುದಿಲ್ಲ ಎಂದು ಅವ್ವನಿಗೆ ಗೊತ್ತಿತ್ತು. ನಮ್ಮ ಮನೆಯ ಲಟ್ಟಣಿಗೆಗೂ ಮೂರು ಬಳೆ ಇತ್ತು. ಅಂಥ ಗೆರೆ ತನ್ನ ಮೈಮೇಲೆ ಎಷ್ಟು ದಿನಕ್ಕೆ ಮಾಯುತ್ತದೆ ಎಂದೂ ಅವಳಿಗೆ ಗೊತ್ತಿತ್ತು. "ಮಂಚದ್ ಕಾಲ್ನಲ್ಲಿ ಒಡುದ್ನಾ?" ಎಂದಷ್ಟೇ ಕೇಳಿದಳು. ಅಕ್ಕ ಅತ್ತಳು. ಬೆಳಿಗ್ಗೆ ಎಬ್ಬಿಸಲಿಲ್ಲವಂತೆ, ಕಂಪನಿ ಬಸ್ಸು ತಪ್ಪಿತಂತೆ. ಭಾವ ಮಂಚದ ಮೂಲೆ ಎತ್ತಿ, ಬೆಣೆ ತಟ್ಟಿ, ಕಾಲು ಕಿತ್ತು ಹೊಡೆದನಂತೆ. ಹೊಡೆದು ಮುಗಿದ ಮೇಲೆ ಮತ್ತೆ ಜೋಡಿಸಿ ಇಟ್ಟನಂತೆ. ಆಮೇಲೆ ಅದೇ ಅಭ್ಯಾಸವಾಯಿತಂತೆ.

ಬೆಣೆ ತಟ್ಟುವುದನ್ನು ಅವನಿಗೆ ಕಲಿಸಿದವಳು ನಾನು. ಅದನ್ನು ಬಾಯಿಬಿಟ್ಟು ಹೇಳಲಾಗದೆ ಎದ್ದು ಹಿತ್ತಿಲಿಗೆ ಹೋಗಿ ಸೌದೆಯ ತುಂಡೊಂದನ್ನು ಗೋಡೆಗೆ ಬಡಿದು ಬಡಿದು ಪುಡಿ ಮಾಡಿದೆ. ಅಪ್ಪನ ಮಗಳೇ ನಾನು, ಅದರಲ್ಲಿ ಸಂಶಯ ಬೇಡ.

ಅವ್ವ ಅಪ್ಪನಿಗೆ ಹೇಳಿದಳು. ಅವಳು ಅಪ್ಪನನ್ನು 'ನೀವು' ಎನ್ನುತ್ತಿದ್ದಳು, ಮುಖ ನೋಡದೆ ಮಾತಾಡುತ್ತಿದ್ದಳು. ಅಪ್ಪ ಲೇತ್ ನಿಲ್ಲಿಸಿ ಕೇಳಿಸಿಕೊಂಡ. ಉಳಿಯನ್ನು ಎತ್ತಿ ನೆಲಕ್ಕೆ ನೆಟ್ಟ.

"ನಾನ್ ಮಾಡಿದ್ ಮಂಚದ್ ಕಾಲ್ನ ಕಿತ್ತು ಒಡುದ್ನಾ ಆ ನನ್ಮಗ? ಎಲ್ಡ್ ತಿಂಗ್ಳು ಕೂತು ಮಾಡಿವ್ನಿ. ಅರಗು ಎಗ್ರೋಯ್ತಾ?"

ನಾನು ತಪ್ಪಾಗಿ ಕೇಳಿಸಿಕೊಂಡೆ ಎಂದುಕೊಂಡೆ. ಇಲ್ಲ. ಅಪ್ಪ ಅಕ್ಕನ ಕಡೆ ತಿರುಗಿ ಮತ್ತೆ ಕೇಳಿದ, "ಅರಗು ಎಗ್ರೋಯ್ತೇನಮ್ಮಿ?" ಅಕ್ಕ ಇಲ್ಲವೆಂದು ತಲೆಯಾಡಿಸಿದಳು. ಅಪ್ಪನಿಗೆ ಸ್ವಲ್ಪ ಸಮಾಧಾನವಾಯಿತು.

ಹಬ್ಬ ಮುಗಿದ ಮೇಲೆ ಅಕ್ಕನನ್ನು ಬಿಡಲು ಅಪ್ಪ ಹೊರಟ. ನಾನೂ ಹಟ ಮಾಡಿ ಹೋದೆ. ಅಪ್ಪನ ಚೀಲದಲ್ಲಿ ಸುತ್ತಿಗೆ ಇತ್ತು. ಬಸ್ಸಿನಲ್ಲಿ ಆ ಚೀಲ ನನ್ನ ಮಡಿಲಲ್ಲಿತ್ತು. ಅಪ್ಪ ಅವನ ಕೈ ಮುರಿಯುತ್ತಾನೆ, ಮೂಳೆ ಲಟಕ್ಕೆನ್ನುವುದನ್ನು ನಾನು ಕಣ್ಣಾರೆ ನೋಡುತ್ತೇನೆ ಎಂದು ದಾರಿಯುದ್ದಕ್ಕೂ ಸಂಭ್ರಮಪಟ್ಟೆ.

ಅಪ್ಪ ಅವರ ಮನೆಯಲ್ಲಿ ಕಾಲು ತೊಳೆದುಕೊಂಡ, ಮಜ್ಜಿಗೆ ಕುಡಿದ, ಮಳೆಯ ಬಗ್ಗೆ ಮಾತಾಡಿದ. ಆಮೇಲೆ ಚೀಲದಿಂದ ಒಂದು ಪೊಟ್ಟಣ ತೆಗೆದ. ಅದರಲ್ಲಿ ನಾಲ್ಕು ಇಂಚಿನ ಮೊಳೆಗಳಿದ್ದವು.

"ಮಂಚ ಒಸಿ ಅಲ್ಲಾಡ್ತದೆ ಅಂದ್ಲು ಮಗಳು" ಎಂದ. "ಬಿಗಿ ಮಾಡ್ಬುಟ್ಟು ಓಯ್ತೀನಿ."

ಭಾವನ ಮುಖದಲ್ಲಿ ಏನೋ ಬಂದು ಹೋಯಿತು. ಅರ್ಥವಾಯಿತು ಅವನಿಗೆ. ಅವನು ಎದ್ದು ಬಂದು ಮಂಚದ ಕಾಲನ್ನು ಎರಡೂ ಕೈಯಲ್ಲಿ ಅಲ್ಲಾಡದಂತೆ ಹಿಡಿದುಕೊಂಡ. ಅಪ್ಪ ಮೊಳೆ ಹೊಡೆದ. ಇಬ್ಬರೂ ಹಲಸಿನ ಮರದ ಗಟ್ಟಿತನದ ಬಗ್ಗೆ ಮಾತಾಡಿಕೊಂಡರು. ಸುತ್ತಿಗೆಯ ಪ್ರತಿ ಏಟಿಗೂ ಗೋಡೆಗೆ ಒರಗಿ ನಿಂತಿದ್ದ ಅಕ್ಕನ ರೆಪ್ಪೆ ಬಡಿಯುತ್ತಿತ್ತು. ನಾಲ್ಕು ಕಾಲು ಮುಗಿದ ಮೇಲೆ ಅಪ್ಪ ಚೌಕಟ್ಟಿನ ಮೂಲೆಗಳಿಗೂ ಮೊಳೆ ಇಳಿಸಿದ. ಮಂಚದ ಕೆಳಗೆ ಅಂಗಾತ ಮಲಗಿ, ಆಚೆ ಬಂದ ಮೊಳೆಯ ಮೂತಿಗಳನ್ನು ಬಡಿದು ಮಡಚಿದ. ಕಾಲು ಕಳಚದಿರಲು ಕಾಲಿಗೆ ಹೊಡೆದರೆ ಸಾಕಲ್ಲ, ಮೂಲೆಗೆ ಯಾಕೆ ಎಂದು ಒಂದು ಗಳಿಗೆ ಅನಿಸಿತು. ನನಗೆ ಆಗ ಸಿಟ್ಟು ನೆತ್ತಿಗೇರಿತ್ತು, ಯೋಚನೆ ಮುಂದೆ ಹೋಗಲಿಲ್ಲ.

ಮಾಗಡಿ ಬಸ್ ನಿಲ್ದಾಣದಲ್ಲಿ ನಾನು ಸಿಡಿದುಬಿದ್ದೆ. "ನಿನ್ ಮಗಳು ಯಾರಪ್ಪ? ಅಕ್ಕನಾ, ಆ ಮಂಚನಾ?" ಎಂದು ಜನರ ಎದುರೇ ಕೂಗಿದೆ. ಅಪ್ಪ ಕೆನ್ನೆಗೆ ಬಾರಿಸಿದ. ಸುತ್ತಿಗೆ ಹಿಡಿದು ದಣಿದ ಕೈ, ಆದರೂ ಕಿವಿ ಗುಂಯ್ಗುಟ್ಟಿತು. ನಾನು ಅವನ ಮುಂಗೈ ಕಚ್ಚಿದೆ. ನಿಂಬೆಹಣ್ಣಿನ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸೊಬ್ಬಳು, "ಬುಡಿ ಯಜಮಾನ್ರೇ, ಬೆಳ್ದ್ ಎಣ್ಮಗ" ಎಂದಳು. ಇಬ್ಬರೂ ಒಂದೇ ಬಸ್ಸಿನಲ್ಲಿ, ಬೇರೆ ಬೇರೆ ಸೀಟಿನಲ್ಲಿ ಕೂತು ಮನೆಗೆ ಬಂದೆವು. ಅವನ ಕೈಯಲ್ಲಿ ನನ್ನ ಹಲ್ಲಿನ ಗುರುತು ಒಂದು ವಾರ ಇತ್ತು. ನನಗೆ ಅದನ್ನು ನೋಡಿದಾಗಲೆಲ್ಲ ಖುಷಿಯಾಗುತ್ತಿತ್ತು.

ಎರಡು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಪಕ್ಕದ ಮನೆಯ ಫೋನಿಗೆ ಕರೆ ಬಂತು. ಮಾತಾಡಿದವಳು ಅಕ್ಕನ ನೆರೆಮನೆಯ ಹೆಂಗಸು. "ನಿಮ್ಮುಡ್ಗೀನ ಕರ್ಕೊಂಡ್ ಓಗ್ರವ್ವ. ಇನ್ನೊಂದ್ ಕಿತ ಒಡುದ್ರೆ ಉಳಿಯಾಕಿಲ್ಲ" ಎಂದು ಹೇಳಿ ಇಟ್ಟುಬಿಟ್ಟಳು.

ಅವ್ವ ಮಡಿಲಿನ ಗೂಡುಗಳನ್ನು ಬುಟ್ಟಿಗೆ ಸುರಿದು, ಕತ್ತರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು. ಅಪ್ಪ ಲೇತಿನ ಮುಂದಿನಿಂದ ಏಳಲಿಲ್ಲ.

"ಕರ್ಕೊಂಡ್ ಬಾ. ಒಸಿ ದಿನ ಇಟ್ಕೊಂಡ್ ಕಳ್ಸಮ" ಎಂದ. ನಾವು ಬಾಗಿಲು ದಾಟಿದ ಮೇಲೆ ಹಿಂದಿನಿಂದ ಕೂಗಿದ, "ಮಂಚದ್ ತಂಟೆಗ್ ಓಗ್ಬ್ಯಾಡಿ. ಅದು ಅಲ್ಲೇ ಇರ್ಲಿ."

ಅಕ್ಕ ಕೋಣೆಯ ಮೂಲೆಯಲ್ಲಿ ನೆಲದ ಮೇಲೆ ಕೂತಿದ್ದಳು. ಒಂದು ಕಣ್ಣು ಮುಚ್ಚಿಹೋಗಿತ್ತು. ತುಟಿ ಸೀಳಿತ್ತು. ಎಡಗೈ ಎತ್ತಲು ಆಗುತ್ತಿರಲಿಲ್ಲ. ಕೂದಲಿನ ನಡುವೆ ರಕ್ತ ಒಣಗಿ ಗಂಟು ಕಟ್ಟಿತ್ತು. ಮಂಚದ ಪಟ್ಟಿಯ ಮೇಲೂ ಒಂದು ಕಡೆ ಅದೇ ಬಣ್ಣ. ಅವಳು ಸೀಳಿದ ತುಟಿಯಲ್ಲೇ ಹೇಳಿದ್ದು ಇಷ್ಟು:

"ಕಾಲ್ ಕೀಳಕ್ ನೋಡುದ. ಬರ್ನಿಲ್ಲ. ಅದುಕ್ಕೆ ತಲೇನೇ ಇಡ್ಕಂಡ್ ಮಂಚಕ್ ಒಡುದ."

ಅವ್ವ ಎರಡನೆಯ ಸಲ ಕೇಳಲಿಲ್ಲ. "ಏಳು ಮಗ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಮಂಚ ಬಿಚ್ಚು" ಎಂದಳು.

ಭಾವ ರಾತ್ರಿ ಪಾಳಿ ಮುಗಿಸಿ ಬಂದು ಜಗುಲಿಯಲ್ಲಿ ಕೂತಿದ್ದ. ಅವನ ತಾಯಿ ಒಳಗೆ ಬಂದಳು. ಹುಡುಗಿಯನ್ನು ಕರೆದುಕೊಂಡು ಹೋಗಿ, ಮೈ ನೆಟ್ಟಗಾದ ಮೇಲೆ ಬರಲಿ, ಮಂಚ ಯಾಕೆ ಎಂದಳು. ಮಂಚ ಹೋದರೆ ಏನಾಗುತ್ತದೆ ಎಂದು ಅವಳಿಗೂ ಗೊತ್ತು. ನಾನು ಮಂಚದ ಕೆಳಗೆ ತೂರಿ ಬೆಣೆ ತಟ್ಟಿದೆ. ಬೆಣೆ ಹಾರಿತು, ಕಾಲು ಮಿಸುಕಲಿಲ್ಲ. ಮೊಳೆ. ಚೌಕಟ್ಟಿನ ಮೂಲೆ ಎಳೆದೆ. ಮೊಳೆ. ಇಡೀ ಮಂಚವನ್ನೇ ಎತ್ತಿ ಓರೆ ಮಾಡಿ ಬಾಗಿಲಿಗೆ ತೂರಿಸಲು ನೋಡಿದೆವು. ಎದುರು ಗೋಡೆಗೆ ತಾಗಿ ನಿಂತಿತು. ಬಾಗಿಲ ಆಚೆಯಿಂದ ಆ ಮುದುಕಿ ನಕ್ಕಳು. "ನಿಮ್ಮೆಜಮಾನ್ರೇ ಬಂದು ಗಟ್ಟಿ ಮಾಡ್ಬುಟ್ಟು ಓಗವ್ರಲ್ಲವ್ವ, ಇನ್ನೆಲ್ ಬಂದದು?"

ಮಂಚದ ಕೆಳಗೆ ಮಡಚಿದ ಆ ಮೊಳೆಯ ಮೂತಿಗಳನ್ನು ನೋಡುತ್ತಿದ್ದಾಗ ನನಗೆ ತಿಳಿಯಿತು. ಕಾಲಿಗೆ ಹೊಡೆದ ಮೊಳೆ ಭಾವನ ಕೈ ತಡೆಯಲು. ಮೂಲೆಗೆ ಹೊಡೆದ ಮೊಳೆ ಅಕ್ಕನನ್ನು ತಡೆಯಲು. ಮಂಚ ಈ ಕೋಣೆ ಬಿಟ್ಟು ಎಂದೂ ಆಚೆ ಬರಬಾರದು, ನಮ್ಮ ಬೀದಿಯಲ್ಲಿ ಯಾರೂ 'ಮಂಚ ವಾಪಸ್ ಬಂತು' ಎನ್ನಬಾರದು. ಅಪ್ಪ ಅವತ್ತು ಮಜ್ಜಿಗೆ ಕುಡಿಯುತ್ತ ಅದನ್ನೇ ಯೋಚಿಸಿದ್ದ. ಅವ್ವನ ಮುಖ ನೋಡಿದೆ. ಅವಳಿಗೆ ನನಗಿಂತ ಮೊದಲೇ ತಿಳಿದಿತ್ತು.

ಅವ್ವ ಹಿತ್ತಿಲಿಗೆ ಹೋಗಿ ಅವರದೇ ಸೌದೆ ಕೊಡಲಿ ತಂದಳು. ಸೆರಗು ಸೊಂಟಕ್ಕೆ ಬಿಗಿದಳು. ಮೊದಲ ಏಟು ತಲೆಹಲಗೆಗೆ. ಗೂಡಿನ ಹಾರ ಹರಿದು ಹೂವುಗಳು ನೆಲದ ತುಂಬ ಉರುಳಿದವು. ನನ್ನ ಅವ್ವ ಯಾರ ಮೇಲೂ ಕೈ ಎತ್ತಿದ್ದನ್ನು ನಾನು ಕಂಡಿರಲಿಲ್ಲ. ಆ ದಿನ ಅವಳು ಇಪ್ಪತ್ತೈದು ವರ್ಷದ್ದನ್ನು ಒಟ್ಟಿಗೆ ಕಡಿದಳು. ಕಂಪನಿ ಮರ ಚಟಚಟನೆ ಸೀಳಿತು. ಪ್ರತಿ ಏಟಿಗೂ ಅವಳ ಹೊಟ್ಟೆಯಿಂದ ಹುಂ ಎಂದು ಒಂದು ಸದ್ದು ಬರುತ್ತಿತ್ತು. ಮುದುಕಿ ಕಿರುಚುತ್ತ ಆಚೆ ಓಡಿದಳು.

ಭಾವ ಒಳಗೆ ನುಗ್ಗಿದ. ಕೊಡಲಿಯ ಹತ್ತಿರ ಬರಲು ಅವನಿಗೆ ಧೈರ್ಯವಾಗಲಿಲ್ಲ. ಬಾಗಿಲ ಬಳಿ ನಿಂತಿದ್ದ ಅಕ್ಕನ ಜಡೆಗೆ ಕೈ ಹಾಕಿದ. ಅಷ್ಟರಲ್ಲಿ ಚೌಕಟ್ಟು ಸೀಳಿ ಒಂದು ಕಾಲು ಮೊಳೆಯ ಸಮೇತ ಬಿಡಿಯಾಗಿ ಬಿದ್ದಿತ್ತು. ನಾನು ಅದನ್ನು ಎತ್ತಿಕೊಂಡೆ. ಬಲೇ ಭಾರ ಇತ್ತು. ಜಡೆ ಹಿಡಿದ ಆ ಕೈಯ ಮಣಿಕಟ್ಟಿಗೆ ಬೀಸಿ ಹೊಡೆದೆ. ಲಟಕ್ ಎಂದಿತು. ಅವನು ಕೂಗಿ ಕುಸಿದ. ಇನ್ನೊಂದು ಕೊಟ್ಟೆ, ಹೆಗಲಿಗೆ. ಮೂರನೆಯದಕ್ಕೆ ಎತ್ತಿದಾಗ ಅವ್ವ "ಸಾಕು" ಎಂದಳು. ನನಗೆ ಸಾಕಾಗಿರಲಿಲ್ಲ. ಸುಳ್ಳೇಕೆ ಹೇಳಲಿ, ಆ ಸದ್ದು ಕೇಳಿ ನನಗೆ ಸುಖವಾಯಿತು. ಅಪ್ಪನಿಗೂ ಹೀಗೇ ಆಗುತ್ತಿತ್ತೇನೋ ಎಂದು ಆಮೇಲೆ ಅನಿಸಿ ಹೆದರಿಕೆಯಾಯಿತು.

ನೆರೆಮನೆಯ ಹೆಂಗಸು ಲಗೇಜ್ ಆಟೋ ಕರೆಸಿದಳು. ಮುರಿದ ಮಂಚದ ಒಂದು ಚೂರನ್ನೂ ಅವ್ವ ಬಿಡಲಿಲ್ಲ. ಅಕ್ಕನನ್ನು ನಡುವೆ ಕೂರಿಸಿಕೊಂಡು ಹಲಗೆಗಳ ಮೇಲೇ ಕೂತು ಬಂದೆವು. ದಾರಿಯಲ್ಲಿ ಒಂದು ಹಲಗೆ ಮಗುಚಿಕೊಂಡು ಆ ಲೋಟದ ಚಿತ್ರ ಮೇಲೆ ಬಂತು. ಅಕ್ಕ ಅದರ ಮೇಲೆ ತಲೆಯಿಟ್ಟು ಮಲಗಿದಳು.

ನಮ್ಮ ಬೀದಿಗೆ ಆಟೋ ತಿರುಗಿದಾಗ ಹಗಲು ಹನ್ನೆರಡು ಗಂಟೆ. ಮನೆ ಮನೆಯ ಬಾಗಿಲಲ್ಲೂ ಜನ. ಅಪ್ಪ ಜಗುಲಿಯಲ್ಲಿ ನಿಂತಿದ್ದ. ಮೊದಲು ಕೆಂಪು ಕಾಲುಗಳನ್ನು ನೋಡಿದ, ಆಮೇಲೆ ಅಕ್ಕನನ್ನು ನೋಡಿದ. ಅವನ ಮುಖ ಬೂದಿಯಾಯಿತು. ಒಳಗೆ ಹೋದ.

ಅವ್ವ ಹಲಗೆಗಳನ್ನು ಹಿತ್ತಿಲಿಗೆ ಹೊರಿಸಿ ನೀರಿನ ಹಂಡೆಯ ಒಲೆಗೆ ತುರುಕಿದಳು. ಕಂಪನಿ ಮರ ಭಗ್ಗನೆ ಹತ್ತಿಕೊಂಡಿತು. ಒಂದೊಂದಾಗಿ ಮೂರು ಕಾಲುಗಳೂ ಒಳಗೆ ಹೋದವು. ಅರಗು ನೊರೆ ನೊರೆಯಾಗಿ ಕುದಿದು ಉರಿಯಿತು, ಅದರ ವಾಸನೆ ಬೀದಿಯವರೆಗೂ ಹೋಯಿತು. ನಾನು ಅಕ್ಕನನ್ನು ಒಲೆಯ ಪಕ್ಕ ಕೂರಿಸಿ ಕೂದಲಿನ ರಕ್ತದ ಗಂಟನ್ನು ಬಿಸಿನೀರಲ್ಲಿ ನೆನೆಸಿ ಬಿಡಿಸುತ್ತಿದ್ದೆ. ಇನ್ನು ತಡೆಯಲಾಗಲಿಲ್ಲ.

"ಅಕ್ಕ, ಬೆಣೆ ತಟ್ಟೋದ್ನ ಅವ್ನಿಗೆ ತೋರ್ಸಿದ್ದು ನಾನೇ ಕಣೆ."

ಅಕ್ಕ ಒಂದೇ ಕಣ್ಣಲ್ಲಿ ನನ್ನನ್ನು ನೋಡಿದಳು. "ಗೊತ್ತು ಕಣಮ್ಮಿ. ನಾನೂ ಅಲ್ಲೇ ನಿಂತು ನಗ್ತಿದ್ನಲ್ಲ."

ಅಷ್ಟರಲ್ಲಿ ಅಪ್ಪ ಹಿತ್ತಿಲ ಬಾಗಿಲಿಗೆ ಬಂದ. ಅರಗಿನ ವಾಸನೆ ಅವನನ್ನು ಎಳೆದು ತಂದಿತ್ತು. ಅವ್ವನ ಕೈಯಲ್ಲಿ ನಾಲ್ಕನೆಯ ಕಾಲು ಇತ್ತು, ನಾನು ಭಾವನಿಗೆ ಹೊಡೆದದ್ದು.

"ಅದೊಂದ್ನಾದ್ರೂ ಬುಡು" ಎಂದ ಅಪ್ಪ. "ನಾನು ಮಾಡಿದ್ದು ಕಣೆ."

ಅವ್ವ ಆ ಮಂಚದ ಕಾಲನ್ನು ನೆಲಕ್ಕೆ ಊರಿ ಎದ್ದು ನಿಂತಳು. ಅಕ್ಕನ ಹೆಗಲಿನ ಟವಲು ಸರಿಸಿದಳು. ಹಗಲ ಬೆಳಕಿನಲ್ಲಿ ಮಾಗಿದ ಆ ಮೂರು ಗೆರೆಗಳು ಎದ್ದು ಕಂಡವು. ಅವುಗಳ ಕೆಳಗೆ ಇನ್ನೂ ಮೂರು. ಅದರ ಕೆಳಗೆ, ಓರೆಯಾಗಿ, ಮತ್ತೆ ಮೂರು.

"ಬಾ ಇಲ್ಲಿ, ನೋಡು" ಎಂದಳು ಅವ್ವ. ಮೊದಲ ಸಲ ಅಪ್ಪನ ಮುಖ ನೋಡಿ ಮಾತಾಡಿದಳು. "ಇದೂ ನೀನೇ ಮಾಡಿದ್ದು."

ಅಪ್ಪ ಹತ್ತಿರ ಬಂದ. ತಾನು ಕಡೆದ ಬಳೆಗಳ ಅಳತೆಯನ್ನು ಅವನು ಕಣ್ಣು ಕಟ್ಟಿದರೂ ಗುರುತು ಹಿಡಿಯಬಲ್ಲ. ತುಂಬ ಹೊತ್ತು ನೋಡಿದ. ಆ ಗೆರೆಗಳನ್ನು ಮುಟ್ಟಲೆಂದು ಕೈ ಎತ್ತಿದ.

ಕೈ ಮೇಲೆದ್ದ ನೆರಳು ಬಿದ್ದದ್ದೇ ತಡ, ಅಕ್ಕ ಎತ್ತಲು ಆಗುವ ಒಂದೇ ಕೈಯನ್ನು ತಲೆಗೆ ಅಡ್ಡ ಹಿಡಿದು ಮುದುರಿಕೊಂಡಳು. ಅವಳ ಪಕ್ಕದಲ್ಲಿದ್ದ ನಾನೂ ತಲೆ ತಗ್ಗಿಸಿದೆ. ಅವ್ವ ಕೂಡ, ಕೈಯಲ್ಲಿ ಆ ಕಾಲು ಹಿಡಿದುಕೊಂಡೇ, ಒಂದು ಹೆಜ್ಜೆ ಹಿಂದೆ ಸರಿದಳು.

ಅಪ್ಪನ ಕೈ ಅಲ್ಲೇ ನಿಂತಿತು. ಆಮೇಲೆ ಅವನು ಅದನ್ನು ನಿಧಾನವಾಗಿ ಕೆಳಗಿಳಿಸಿ, ಅವ್ವನಿಂದ ಆ ಕಾಲನ್ನು ತೆಗೆದುಕೊಂಡು, ತಾನೇ ಒಲೆಗೆ ಇಟ್ಟ. ಹಂಡೆಯ ನೀರು ಕುದಿಯುವವರೆಗೆ ಅಲ್ಲೇ ಕುಕ್ಕರಗಾಲಲ್ಲಿ ಕೂತು ಉರಿ ಹಾಕಿದ. ನಾವು ಮೂವರೂ ಅವನಿಂದ ದೂರದಲ್ಲಿ, ಗೋಡೆಗೆ ಬೆನ್ನು ಕೊಟ್ಟು ಕೂತಿದ್ದೆವು.